ಆರನೆಯ ಫ್ಲಾಸ್ಕ್

ಸೊನ್ನೆ.

ಲ್ಯಾಬಿನ ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಓರೆ ಮಾಡಿದೆ. ಕನ್ನಡಕ ತೆಗೆದು ನೋಡಿದೆ, ಒರೆಸಿ ಹಾಕಿಕೊಂಡು ನೋಡಿದೆ. ಹಣ್ಣಿನ ರಸವನ್ನು ಹುಳಿಯಿಸಿ ಕೆಡಿಸುವ ಯೀಸ್ಟು ಈ ಅಂಚಿನಿಂದ ಆ ಅಂಚಿನವರೆಗೆ ಕೆನೆಯ ಹಾಗೆ ಹರಡಿ ಹಾಯಾಗಿ ಮಲಗಿತ್ತು. ಪ್ಲೇಟಿನ ಜೆಲ್ಲಿಯಲ್ಲಿ ನಾನು ಕೊರೆದು ಬ್ಯಾಕ್ಟೀರಿಯಾದ ಮದ್ದು ತುಂಬಿದ್ದ ತೂತುಗಳ ಬಾಯಿಯವರೆಗೂ ಬಂದಿತ್ತು. ಎರಡು ವಾರದ ಹಿಂದೆ ಇಂಥದೇ ತೂತಿನ ಸುತ್ತ ಹದಿನೆಂಟು ಮಿಲಿಮೀಟರ್ ಅಗಲಕ್ಕೆ ಯೀಸ್ಟಿನ ಸುಳಿವೇ ಇರಲಿಲ್ಲ, ಬೋಳಿಸಿದ ತಲೆಯಷ್ಟು ಸ್ವಚ್ಛ. ಆಮೇಲೆ ಹದಿನಾಲ್ಕಾಯಿತು, ಒಂಬತ್ತಾಯಿತು, ಐದಾಯಿತು. ಈಗ ಅಳತೆಪಟ್ಟಿ ತೆಗೆಯುವ ಅಗತ್ಯವೇ ಇಲ್ಲ. ಆದರೂ ತೆಗೆದೆ. ಇಟ್ಟೆ. ಮತ್ತೆ ತೆಗೆದೆ.

ಗಂಟೆ ಹತ್ತು. ನಾಳೆ ಹನ್ನೊಂದಕ್ಕೆ ಸಭೆ. ಸಭೆಯಲ್ಲಿ ತೀರ್ಮಾನವಾಗಬೇಕಾದ್ದು ಎರಡೇ: ನನ್ನ ಬ್ಯಾಕ್ಟೀರಿಯಾವನ್ನು ಎಸೆಯುವುದೋ ಬೇಡವೋ; ಚಿಕ್ಕಮ್ಮ ಲ್ಯಾಬಿನ ಗಾಜು ತೊಳೆಯುವ ಕೋಣೆಯನ್ನು ಮುಚ್ಚುವುದೋ ಬೇಡವೋ. ಮೊದಲನೆಯದಕ್ಕೆ ನಾನು ಹೇಗೋ ತಯಾರಾಗಬಹುದಿತ್ತು. ಎರಡನೆಯದು ನೆನಪಾದಾಗಲೆಲ್ಲ ನನ್ನ ಕಾಲು ತಾನಾಗಿ ಅಲ್ಲಾಡತೊಡಗುತ್ತದೆ. ಪಕ್ಕದ ಮೇಜಿನವರು ಎರಡು ಸಲ ಹೇಳಿದ್ದಾರೆ, ನೀವು ಕಾಲು ಅಲ್ಲಾಡಿಸಿದರೆ ನಮ್ಮ ತಕ್ಕಡಿಯ ಮುಳ್ಳು ನಿಲ್ಲುವುದಿಲ್ಲ ಎಂದು.

ಬ್ಯಾಕ್ಟೀರಿಯಾ ಸಿಕ್ಕಿದ್ದೇ ಚಿಕ್ಕಮ್ಮನಿಂದ. ತೊಳೆಯುವ ಕೋಣೆಯ ಕಿಟಕಿಯಲ್ಲಿ ಅವಳು ಬಾಯಿ ಮುರಿದ ಬೀಕರುಗಳಲ್ಲಿ ಗಿಡ ಬೆಳೆಸುತ್ತಾಳೆ. ಸಾಮಾನು ಜಾಲಿಸಿದ ನೀರನ್ನೆಲ್ಲ ಅವಕ್ಕೇ ಸುರಿಯುತ್ತಾಳೆ. ಎಲ್ಲ ಬೀಕರಿನ ಬೇರೂ ಕೊಳೆಯಿತು, ಒಂದರದು ಮಾತ್ರ ಕೊಳೆಯಲಿಲ್ಲ. ಆ ಮಣ್ಣನ್ನು ಚಿಟಿಕೆ ತಂದು ಪ್ಲೇಟಿಗೆ ಹಚ್ಚಿದಾಗ, ಸುಕ್ಕುಗಟ್ಟಿದ ಅಜ್ಜಿಯ ಮುಖದಂಥ ಒಂದು ಮಚ್ಚೆ ಬೆಳೆಯಿತು. ಅದರ ಹತ್ತಿರ ಬೇರಾವುದೂ ಸುಳಿಯಲಿಲ್ಲ. ನಾನು ಅದಕ್ಕೆ ಸುಕ್ಕಿ ಎಂದು ಹೆಸರಿಟ್ಟೆ.

ಸುಕ್ಕಿಯನ್ನು ಬೆಳೆಸುವುದು ಫ್ಲಾಸ್ಕಿನಲ್ಲಿ. ಫ್ಲಾಸ್ಕಿಗೆ ತಿಳಿಗಂಜಿಯಂಥ ಆಹಾರ ಹಾಕಿ, ಸುಕ್ಕಿಯ ಒಂದು ತೊಟ್ಟು ಬಿಟ್ಟು, ಹತ್ತಿಯ ಬಿರಡೆ ಜಡಿದು, ಶೇಕರ್ ಎಂಬ ಅಲುಗಾಡಿಸುವ ಯಂತ್ರಕ್ಕೆ ಸಿಕ್ಕಿಸಬೇಕು. ನನಗೆ ಕೊಟ್ಟಿದ್ದು ಆರು ಜಾಗ. ಐದರಲ್ಲಿ ಸುಕ್ಕಿ, ಆರನೆಯದರಲ್ಲಿ ಬರೀ ಗಂಜಿ ಇರಬೇಕು. ಗಂಜಿಯಾಗಲಿ ಗಾಜಾಗಲಿ ತಾವೇ ಯೀಸ್ಟನ್ನು ಕೊಲ್ಲುತ್ತಿಲ್ಲ ಎಂದು ತೋರಿಸುವುದಕ್ಕೆ. ಅದಕ್ಕೆ ನಾವೆಲ್ಲ ಬ್ಲ್ಯಾಂಕ್ ಅನ್ನುತ್ತೇವೆ, ಚಿಕ್ಕಮ್ಮ ಖಾಲಿ ಅನ್ನುತ್ತಾಳೆ. ನಾನು ಆರಕ್ಕೂ ಸುಕ್ಕಿಯನ್ನೇ ಹಾಕಿದೆ. ಜಾಗ ಹಾಳು ಮಾಡುವುದೇಕೆ ಅನ್ನಿಸಿತ್ತು. ಪ್ಲೇಟಿನ ಒಂದು ತೂತಿಗೆ ಬಾಟಲಿಯ ನೀರು ಬಿಟ್ಟು, ನೋಟ್‌ಬುಕ್ಕಿನಲ್ಲಿ ‘ಬ್ಲ್ಯಾಂಕ್: ಸೊನ್ನೆ’ ಎಂದು ಬರೆದೆ. ಮೂರು ವಾರ ಹಾಗೇ ಬರೆದೆ.

ಆಮೇಲೆ ಆ ಸೋಮವಾರ ಬಂತು. ಶನಿವಾರ ಸಿಕ್ಕಿಸಿದ ಫ್ಲಾಸ್ಕುಗಳು ರಜೆಯಿಡೀ ಅಲುಗಾಡಿ, ನೊರೆಯುಕ್ಕಿ, ಬಿರಡೆಗಳನ್ನು ಎತ್ತಿ ಎಸೆದಿದ್ದವು. ಶೇಕರಿನ ಮೇಲೆ, ಕೆಳಗೆ, ಸ್ವಿಚ್ಚಿನವರೆಗೂ ನೊರೆ. ಆ ಯಂತ್ರದ ಉಸ್ತುವಾರಿ ನೋಡುವವನನ್ನು ನಾವೆಲ್ಲ ಶೇಕರಣ್ಣ ಎಂದೇ ಕರೆಯುವುದು. ಅವನು ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದ.

“ಏನಮ್ಮ ತಂಗಿ, ಬಟ್ಟೆ ಒಗೆಯೋಕೆ ಹಾಕಿದ್ಯಾ?”

“ಸಾರಿ ಅಣ್ಣಾ. ಒರೆಸ್ತೀನಿ.”

“ಇನ್ನೊಂದು ಸಲ ಚೆಲ್ಲಿದ್ರೆ ಫ್ಲಾಸ್ಕಿನ ಜೊತೆ ನಿನ್ನೂ ಹೊರಗೆ ಹಾಕ್ತೀನಿ ನೋಡು.”

ಒರೆಸುತ್ತಿರುವಾಗಲೇ ಮುಖ್ಯಸ್ಥರು ಬಂದರು. ಅನುಮಾನ ಬಂದ ಸಾಲಿಗೆಲ್ಲ ಸ್ಕೇಲಿಟ್ಟು ಕೆಂಪು ಗೆರೆ ಎಳೆಯುತ್ತಾರಾದ್ದರಿಂದ ಅವರ ಬೆನ್ನ ಹಿಂದೆ ಕೆಂಪುಗೆರೆ ಸರ್ ಎನ್ನುತ್ತೇವೆ. ಬೆರಳಿಗೆ ನೊರೆ ತಾಗಿಸಿಕೊಂಡು ಉಜ್ಜಿ ನೋಡಿದರು.

“ಇಷ್ಟು ನೊರೆ ಹೇಗೆ ಬಂತು?”

“ಬ್ಯಾಕ್ಟೀರಿಯಾದ್ದು ಸರ್. ಅದು ಮಾಡೋ ಮದ್ದು, ಲಿಪೊಪೆಪ್ಟೈಡ್, ಹಾಗೇ, ನೊರೆ ಬರುತ್ತೆ.”

“ನೊರೆ ಬರೋ ಪದಾರ್ಥ ಈ ಕಟ್ಟಡದಲ್ಲಿ ಇನ್ನೊಂದಿದೆ. ತೊಳೆಯೋ ಕೋಣೇಲಿ ಡಬ್ಬಗಟ್ಟಲೆ ಸೋಪು. ಯೀಸ್ಟನ್ನ ಅದೂ ಕೊಲ್ಲುತ್ತೆ. ನಿಮ್ಮ ಬ್ಲ್ಯಾಂಕ್ ಏನು ಹೇಳುತ್ತೆ?”

“ಸೊನ್ನೆ ಸರ್.”

“ಯಾವ ಫ್ಲಾಸ್ಕಲ್ಲಿ ಹಾಕಿದ್ರಿ?”

ಬ್ಲ್ಯಾಂಕೇ ಇಲ್ಲ ಎಂದು ಅಲ್ಲೇ ಹೇಳಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು. ಆದರೆ ಆ ತಿಂಗಳ ಕೊನೆಗೆ ನನ್ನ ಕೆಲಸದ ಅವಧಿ ಮುಗಿಯುತ್ತಿತ್ತು. ಅದನ್ನು ಮುಂದುವರಿಸುವ ಕಾಗದ ಅವರ ಮೇಜಿನ ಮೇಲಿತ್ತು. ಬಾಯಿಗೆ ಬಂದದ್ದು ಹೇಳಿದೆ.

“ಹೊಸದು ಸರ್. ಡಬ್ಬಿಯಿಂದ ಆಗಷ್ಟೇ ತೆಗೆದಿದ್ದು.”

ಹೊಸದು ಅಂದರೆ ಎಲ್ಲಕ್ಕಿಂತ ಶುದ್ಧ ಎಂದುಕೊಂಡೆ. ಅವರು ತಲೆಯಾಡಿಸಿದರು.

“ಅಂದ್ರೆ ತೊಳೆಯೋ ಕೋಣೆ ಮುಟ್ಟದೇ ಇರೋ ಒಂದೇ ಫ್ಲಾಸ್ಕಲ್ಲಿ ಸೊನ್ನೆ. ಮುಟ್ಟಿದ್ದರಲ್ಲೆಲ್ಲ ಹದಿನೆಂಟು.”

ನಾನು ಒರೆಸುವ ಬಟ್ಟೆ ಕೆಳಗಿಟ್ಟೆ. ಅಷ್ಟರಲ್ಲಿ ಅವರು ತೊಳೆಯುವ ಕೋಣೆಯ ಬಾಗಿಲಲ್ಲಿದ್ದರು. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಗಾಜು ತೊಳೆಯುತ್ತಿದ್ದವಳಿಗೆ, ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳಿಗೆ, ಇನ್ನು ಮೇಲೆ ಮೂರು ಸಲ ಜಾಲಿಸಿದರೆ ಸಾಲದು, ಏಳು ಸಲ ಜಾಲಿಸಬೇಕು ಎಂದು ಹೇಳಿದರು. ನನ್ನ ಕಡೆ ತಿರುಗಿ, “ಹತ್ತು ದಿನ ನೋಡೋಣ. ಪ್ಲೇಟಲ್ಲಿ ಆ ಬೋಳು ವೃತ್ತ ಉಳಿದ್ರೆ ನಿಮ್ಮ ಬ್ಯಾಕ್ಟೀರಿಯಾ. ಹೋದ್ರೆ ಸೋಪು. ಆಮೇಲೆ ತೊಳೆಯೋ ಗಲಾಟೆಯೇ ಬೇಡ, ಎಲ್ಲಾ ಪ್ಲಾಸ್ಟಿಕ್ಕು, ಒಂದು ಸಲ ಬಳಸು ಬಿಸಾಡು” ಎಂದರು.

ವೃತ್ತ ಹೋಯಿತು.

ಆ ಸೊನ್ನೆಯ ಪ್ಲೇಟನ್ನು ಮೇಜಿನ ಮೇಲೆ ಬಿಟ್ಟು ತೊಳೆಯುವ ಕೋಣೆಗೆ ಹೋದೆ. ಯಾಕೆ ಹೋದೆನೋ ಗೊತ್ತಿಲ್ಲ. ಆ ಹತ್ತು ದಿನವೂ ದಿನಕ್ಕೊಂದೆರಡು ಸಲ ಹೋಗುವುದು, ಏನೋ ಹೇಳಬೇಕೆಂದುಕೊಳ್ಳುವುದು, ಒಂದು ಬೀಕರು ಎತ್ತಿಕೊಂಡು ಬರುವುದು, ಇದೇ ಆಗಿತ್ತು. ನನ್ನ ಮೇಜಿನ ಕೆಳಗೆ ನನಗೆ ಬೇಡದ ಹದಿನೇಳು ಬೀಕರುಗಳು ಕೂಡಿದ್ದವು.

ಚಿಕ್ಕಮ್ಮ ಫ್ಲಾಸ್ಕೊಂದನ್ನು ಜಾಲಿಸುತ್ತಿದ್ದಳು. ಕೊನೆಯ ನೀರನ್ನು ಕುಲುಕಿ, ಕತ್ತಿನ ಹತ್ತಿರ ಒಂದು ಗುಳ್ಳೆಯಾದರೂ ನಿಲ್ಲುತ್ತದೆಯೇ ಎಂದು ಬೆಳಕಿಗೆ ಹಿಡಿದು ನೋಡುವುದು ಅವಳ ಕ್ರಮ. ಗುಳ್ಳೆ ನಿಂತರೆ ಮತ್ತೆ ಮೊದಲಿಂದ.

“ಐದು,” ಎಂದಳು ನನ್ನನ್ನು ನೋಡದೆ. “ಮೂರಕ್ಕೇ ಗುಳ್ಳೆ ಹೋಯ್ತು. ಆದ್ರೂ ಐದು. ಆರು. ನೀರಿಗೂ ಬೇಜಾರಾಗಿರುತ್ತೆ. ಯಾಕೆ ಬಂದೆ, ಬೀಕರಾ?”

“ಸುಮ್ಮನೆ.”

“ಸುಮ್ಮನೆ ನಿಂತ್ಕೊಳ್ಳೋದಾದ್ರೆ ಸ್ವಲ್ಪ ಆ ಕಡೆ ನಿಂತ್ಕೋ. ಬಲಗಡೆ ತೊಟ್ಟಿ ಉಜ್ಜಬೇಕು. ನೋಡು ಹೇಗಾಗಿದೆ.”

ಕೋಣೆಯಲ್ಲಿ ಎರಡು ತೊಟ್ಟಿಗಳು, ಒಂದಕ್ಕೊಂದು ಅಂಟಿಕೊಂಡೇ ಇವೆ. ಬಲಗಡೆಯದರ ಬಾಯಿಯ ಸುತ್ತ ಗುಲಾಬಿ ಬಣ್ಣದ ಲೋಳೆ ಕಟ್ಟಿತ್ತು. ಒದ್ದೆ ಜಾಗದಲ್ಲಿ ಎಲ್ಲೆಲ್ಲೂ ಕಟ್ಟುವಂಥದು.

“ಎಡಗಡೇದು?” ಎಂದೆ, ಏನಾದರೂ ಹೇಳಬೇಕಲ್ಲ ಎಂದು.

“ಅದಕ್ಕೇನಾಗಿದೆಯೋ. ವಾರದ ಮೇಲಾಯ್ತು, ಲೋಳೆಯೇ ಇಲ್ಲ. ಬ್ರಷ್ ಹಾಕಿಲ್ಲ ಕಣೇ ನಾನು. ಮುಟ್ಟಿ ನೋಡು, ಜಾರಲ್ಲ.”

ಮುಟ್ಟಿ ನೋಡಿದೆ. ಜಾರಲಿಲ್ಲ. ಬೆರಳು ಕೀರ್ ಎಂದಿತು.

“ಸೋಪು ಜಾಸ್ತಿ ಬಿದ್ದಿರಬೇಕು.”

ಅವಳು ಫ್ಲಾಸ್ಕನ್ನು ಕೆಳಗಿಟ್ಟಳು. “ನೀನೂ ಶುರು ಮಾಡಿದ್ಯಾ? ಸೋಪು ಎರಡು ತೊಟ್ಟಿಗೂ ಹೋಗುತ್ತೆ. ಇಪ್ಪತ್ತೆರಡು ವರ್ಷದಿಂದ ಹೋಗ್ತಿದೆ. ಸೋಪಿಗೆ ಹೆದರೋ ಲೋಳೆ ಆಗಿದ್ರೆ ನಾನು ಯಾವತ್ತೋ ಬ್ರಷ್ ಬಿಸಾಕಿ ಕಾಲು ಚಾಚ್ಕೊಂಡು ಕೂತಿರ್ತಿದ್ದೆ.”

“ಎಡಗಡೆಗೆ ಮಾತ್ರ ಬೇರೆ ಏನು ಸುರೀತೀಯ?”

“ನಿನ್ನ ನೊರೆ.”

ಶೇಕರಣ್ಣನ ಬೆದರಿಕೆಯ ಮರುದಿನದಿಂದ ನಾನು ಬೆಳಿಗ್ಗೆ ಬೆಳಿಗ್ಗೆ ಬೇರೆ ಕ್ರಿಮಿ ಸೇರದಂತೆ ಬರ್ನರಿನ ಬೆಂಕಿಯ ಮುಂದೆ ಕೂತು ಆರೂ ಫ್ಲಾಸ್ಕಿನ ನೊರೆಯನ್ನು ಚಮಚದಲ್ಲಿ ತೆಗೆದು ಒಂದು ಬಾಟಲಿಗೆ ಹಾಕುತ್ತಿದ್ದೆ. ಜೀವ ಇರುವ ಕಸವನ್ನು ಹಾಗೇ ಚೆಲ್ಲುವಂತಿಲ್ಲ. ಆಟೋಕ್ಲೇವ್ ಎಂಬ ದೊಡ್ಡ ಕುಕ್ಕರಿನಲ್ಲಿ ಬೇಯಿಸಿ ಕೊಂದ ಮೇಲೆ ಚಿಕ್ಕಮ್ಮ ಅದನ್ನು ಸುರಿಯುತ್ತಾಳೆ. ಬೇಯಿಸಿದರೆ ಸುಕ್ಕಿ ಸಾಯುತ್ತಾಳೆ. ಸುಕ್ಕಿ ಮಾಡಿದ ಪದಾರ್ಥ ಸಾಯುವುದಿಲ್ಲ, ಅದಕ್ಕೆ ಶಾಖದ ಪರಿವೆಯೇ ಇಲ್ಲ. ಅದು ನೀರಿನೊಳಗೆ ಇರುವುದಕ್ಕಿಂತ ನೀರಿನ ಮೇಲೆ ಇರಲು ಇಷ್ಟಪಡುವಂಥದು. ನೊರೆ ಎದ್ದರೆ ನೊರೆಯನ್ನೇ ಹತ್ತಿ ಕೂರುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಓದಿ ಪರೀಕ್ಷೆ ಬರೆದಿದ್ದೆ.

ಮದ್ದನ್ನೆಲ್ಲ ಚಮಚದಲ್ಲಿ ತೆಗೆದು ಚರಂಡಿಗೆ ಕಳಿಸಿ, ಕೆಳಗಿನ ತಿಳಿನೀರನ್ನು ಹತ್ತು ದಿನ ಅಳೆದಿದ್ದೆ. ಆ ಸೋಮವಾರ ಬದಲಾಗಿದ್ದು ಒಂದಲ್ಲ, ಎರಡು: ಚಿಕ್ಕಮ್ಮನ ಏಳು ನೀರು, ನನ್ನ ಚಮಚ. ಕೆಂಪುಗೆರೆ ಸರ್ ಒಂದನ್ನೇ ನೋಡಿದರು, ನಾನೂ ಒಂದನ್ನೇ ನೋಡಿದೆ. ಎರಡೂ ತೊಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವಳು ಇವಳೊಬ್ಬಳೇ. ನಾನು ಇಡದ ಬ್ಲ್ಯಾಂಕು ಅವಳ ಬಲಗಡೆಯ ತೊಟ್ಟಿಯಲ್ಲಿ ಗುಲಾಬಿ ಬಣ್ಣದಲ್ಲಿ ಕಾಯುತ್ತಿತ್ತು.

“ಇವತ್ತಿನ ನೊರೆ ಸುರಿದ್ಯಾ?”

“ಈಗಷ್ಟೇ ಕುಕ್ಕರಿಂದ ಬಂತು, ಇನ್ನೂ ಬಿಸಿ...”

ಪೂರ್ತಿ ಕೇಳಲಿಲ್ಲ. ಬಾಟಲಿ ಎತ್ತಿಕೊಂಡೆ. ಕೈ ಸುಟ್ಟಿತು. ಸೆರಗಿನಲ್ಲಿ ಹಿಡಿದುಕೊಳ್ಳೇ ಎಂದು ಅವಳು ಕೂಗಿದಳು. ನಾನು ಪ್ಯಾಂಟು ಹಾಕಿದ್ದೆ. ಬಾಗಿಲವರೆಗೆ ಹೋಗಿ ವಾಪಸು ಬಂದೆ.

“ಚಿಕ್ಕಮ್ಮಾ, ಒಂದು ಫ್ಲಾಸ್ಕ್ ಕೊಡು. ಮೂರೇ ಸಲ ಜಾಲಿಸಿದ್ದು. ಮೊದಲಿನ ಹಾಗೆ.”

ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ತೊಳೆದು ಕೊಟ್ಟಳು.

ಮಧ್ಯಾಹ್ನ ಮೂರಕ್ಕೆ ಪ್ಲೇಟು ಸಿದ್ಧವಾಯಿತು. ಯೀಸ್ಟು ಬಳಿದು, ನಾಲ್ಕು ತೂತು ಕೊರೆದು, ಒಂದಕ್ಕೆ ಬೆಂದ ನೊರೆಯ ನೀರು, ಎರಡನೆಯದಕ್ಕೆ ನೊರೆ ತೆಗೆದ ಫ್ಲಾಸ್ಕಿನ ತಿಳಿ, ಮೂರನೆಯದಕ್ಕೆ ಮೂರು ಸಲ ಜಾಲಿಸಿದ ಫ್ಲಾಸ್ಕಿನಲ್ಲಿಟ್ಟು ಕುಲುಕಿದ ಬರೀ ಗಂಜಿ, ನಾಲ್ಕನೆಯದಕ್ಕೆ ಬಾಟಲಿಯ ನೀರು. ಇನ್‌ಕ್ಯುಬೇಟರಿನ ಬೆಚ್ಚನೆಯ ಕಪಾಟಿಗೆ ತಳ್ಳಿ ಬಾಗಿಲು ಹಾಕಿದೆ. ಇನ್ನು ಬೆಳಿಗ್ಗೆಯವರೆಗೆ ಕಾಯುವುದೊಂದೇ ಕೆಲಸ. ನನಗೆ ಬಾರದ ಕೆಲಸ. ನಾಲ್ಕಕ್ಕೆ ತೆರೆದು ನೋಡಿದೆ. ನಾಲ್ಕೂಕಾಲಿಗೆ ನೋಡಿದೆ. ಬಾಗಿಲು ತೆಗೆದು ತೆಗೆದು ಶಾಖ ಹೋಗುತ್ತಿದೆ ಎಂದು ಯಾರೋ ನನ್ನನ್ನು ಅಲ್ಲಿಂದ ಅಟ್ಟಿದರು.

ನಾವಿಬ್ಬರೂ ಇರುವುದು ಮೂರನೆಯ ಮಹಡಿಯ ಎರಡು ಕೋಣೆಯಲ್ಲಿ. ಸಂಜೆ ಚಿಕ್ಕಮ್ಮ ತರಕಾರಿ ಹೆಚ್ಚುತ್ತಿದ್ದಳು. ನಾನು ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಒಲೆಗೆ ನಡೆಯುತ್ತಿದ್ದೆ.

“ಕೂತ್ಕೋ. ನಿನ್ನ ನೋಡಿ ನನಗೆ ತಲೆ ಸುತ್ತುತ್ತೆ.”

ಕೂತೆ. ಅವಳ ಬೆರಳುಗಳು ಕಣ್ಣಿಗೆ ಬಿದ್ದವು. ಗೆಣ್ಣುಗಳ ಚರ್ಮ ಬಿರಿದು, ಸಂದಿನಲ್ಲಿ ಕೆಂಪು ಕಾಣುತ್ತಿತ್ತು. ದಿನಕ್ಕೆ ಇನ್ನೂರು ಸಾಮಾನು, ಏಳೇಳು ನೀರು. ಎದ್ದುಬಿಟ್ಟೆ.

“ಆ ನೊರೇಲಿ ಅಂಥದ್ದೇನಿದೆ? ಹೇಳು, ತಿಳ್ಕೊಳ್ಳೋಣ. ನನ್ನ ಗಿಡದ ಮಣ್ಣಿಂದ ತಾನೇ ಬಂದಿದ್ದು.”

“ಒಂದು ಸಣ್ಣ ಬಳೆ ಅಂದ್ಕೋ. ಏಳು ಮಣಿ ಪೋಣಿಸಿದ ಬಳೆ. ಅದಕ್ಕೊಂದು ಉದ್ದ ಬಾಲ. ಬಾಲ ಕೊಬ್ಬಿನದು. ಬಳೆಗೆ ನೀರು ಇಷ್ಟ, ಬಾಲಕ್ಕೆ ಎಣ್ಣೆ ಇಷ್ಟ.”

“ಜಗಳ ಖಂಡಿತ.”

“ಹೂಂ. ಯೀಸ್ಟಿಗೂ ಒಂದು ತೆಳು ಚರ್ಮ ಇರುತ್ತಲ್ಲ, ಅದು ಎರಡು ಪದರ ಎಣ್ಣೆ ಇದ್ದ ಹಾಗೆ. ಈ ಬಾಲ ಹೋಗಿ ಅದರೊಳಗೆ ತೂರ್ಕೊಳ್ಳುತ್ತೆ. ಒಂದು ತೂರಿದ್ರೆ ಏನೂ ಆಗಲ್ಲ. ಹತ್ತಾರು ಬಂದು ಒಂದೇ ಕಡೆ ಗುಂಪು ಕಟ್ಟಿದ್ರೆ ಚರ್ಮದಲ್ಲಿ ತೂತು ಬೀಳುತ್ತೆ. ಒಳಗಿರೋದೆಲ್ಲ ಸೋರಿಹೋಗುತ್ತೆ.”

ಅವಳು ಚಾಕು ನಿಲ್ಲಿಸಿದಳು. “ಅಂದ್ರೆ ಸೋಪೇ ಅಲ್ವೇನೇ ಅದು?”

“ಸೋಪಿನ ದೂರದ ನೆಂಟ. ಕೆಲಸ ಹೆಚ್ಚುಕಡಿಮೆ ಅದೇ, ಆದ್ರೆ ಸ್ವಲ್ಪೇ ಸ್ವಲ್ಪ ಇದ್ರೂ ಸಾಕು.”

“ಹಾಗಾದ್ರೆ ನಿಮ್ಮ ಸರ್ ಅಂದಿದ್ರಲ್ಲಿ ಪೂರ್ತಿ ತಪ್ಪೂ ಇಲ್ಲ ಅನ್ನು.” ಒಬ್ಬಳೇ ನಕ್ಕಳು. “ಮನುಷ್ಯರಿಗೆ?”

“ರಕ್ತದ ಕಣಾನೂ ಒಡೆಯುತ್ತೆ. ಅದಕ್ಕೇ ಇಂಜೆಕ್ಷನ್ನಿಗೆ ಆಗಲ್ಲ. ಹಣ್ಣಿನ ಸಿಪ್ಪೆಗೆ ಹಚ್ಚೋಕೆ ಆಗ್ಬಹುದು ಅಂತ ನೋಡ್ತಿರೋದು.”

“ಅದು ಮಾಡಿದ್ದು ಅದಕ್ಕೇ ತಗಲಲ್ವಾ?”

“ಇಲ್ಲ. ಮಾಡಿದ ತಕ್ಷಣ ಹೊರಗೆ ತಳ್ಳಿಬಿಡುತ್ತೆ. ತಗಲೋದು ಪಕ್ಕದಲ್ಲಿದ್ದೋರಿಗೆ.”

ಚಿಕ್ಕಮ್ಮ ಮತ್ತೆ ಹೆಚ್ಚತೊಡಗಿದಳು.

“ಜಾಣೆ,” ಎಂದಳು ಕೊನೆಗೆ. ಸುಕ್ಕಿಗೋ ನನಗೋ ತಿಳಿಯಲಿಲ್ಲ. ಕೇಳಲೂ ಇಲ್ಲ. ನೀರಿನ ಕೊಡ ತುಂಬಿಯೇ ಇತ್ತು. ಆದರೂ ತುಂಬಿಸಲು ಹೋದೆ.

ಬೆಳಿಗ್ಗೆ ಒಂಬತ್ತಕ್ಕೇ ಇನ್‌ಕ್ಯುಬೇಟರಿನ ಮುಂದಿದ್ದೆ. ಪ್ಲೇಟನ್ನು ಎತ್ತಿದೆ, ಮುಚ್ಚಳ ತೆಗೆಯುವ ಮೊದಲೇ ಕೆಳಗಿನಿಂದ ಕಂಡಿತು. ಮೊದಲನೆಯ ತೂತಿನ ಸುತ್ತ ದೊಡ್ಡದೊಂದು ಬೋಳು ವೃತ್ತ. ಇಪ್ಪತ್ತಾರು ಮಿಲಿಮೀಟರ್. ಮೂರು ಸಲ ಅಳೆದೆ. ತಿಳಿಯ ಸುತ್ತ ಏನೂ ಇಲ್ಲ. ಬರೀ ಗಂಜಿಯ ಸುತ್ತ ಏನೂ ಇಲ್ಲ. ನೀರಿನ ಸುತ್ತ ಏನೂ ಇಲ್ಲ.

ಸುಕ್ಕಿ ಉಳಿದಳು. ಸೋಪಲ್ಲ. ಚಿಕ್ಕಮ್ಮನ ಕೋಣೆಯೂ ಉಳಿಯುತ್ತದೆ. ಪ್ಲೇಟನ್ನು ಸರ್ ಮುಂದಿಟ್ಟು, ನೊರೆಯಲ್ಲಿದೆ ಸರ್, ನಾನು ಕಂಡುಹಿಡಿದೆ ಎಂದರೆ ಮುಗಿಯಿತು. ಹೊಸ ಡಬ್ಬಿಯ ಮಾತನ್ನು ಯಾರೂ ಮತ್ತೆ ಎತ್ತುವುದಿಲ್ಲ. ನನ್ನ ಕಾಗದಕ್ಕೆ ಸಹಿಯೂ ಬೀಳುತ್ತದೆ. ಓಡುತ್ತ ತೊಳೆಯುವ ಕೋಣೆಗೆ ಹೋದೆ.

ಚಿಕ್ಕಮ್ಮ ಪ್ಲೇಟನ್ನು ಒದ್ದೆ ಕೈಯಲ್ಲಿ ಮುಟ್ಟದೆ, ಬಗ್ಗಿ ನೋಡಿದಳು. “ಇದು ನಿನ್ನ ನೊರೆ. ಇದ್ಯಾವುದು?”

“ಬ್ಲ್ಯಾಂಕ್. ನೀನು ನಿನ್ನೆ ಮೂರು ಸಲ ಜಾಲಿಸಿ ಕೊಟ್ಟಿದ್ದು. ಸೊನ್ನೆ! ನಿನ್ನ ಗಾಜಲ್ಲಿ ಒಂದು ತೊಟ್ಟೂ ಸೋಪಿಲ್ಲ.”

“ಅದು ನನಗೆ ಗೊತ್ತಿತ್ತು.” ಕೈ ಒರೆಸಿಕೊಂಡಳು. “ಅಂತೂ ಮೊದಲನೇ ಸಲ ಖಾಲಿ ಇಟ್ಟೆ ಅನ್ನು.”

ನಾನು ಪ್ಲೇಟಿನ ಮುಚ್ಚಳ ಸರಿಪಡಿಸಿದೆ.

“ಇಲ್ಲಿಗೆ ಎಲ್ಲರ ಫ್ಲಾಸ್ಕೂ ಬರುತ್ತೆ ಕಣೇ. ಯಾರದ್ದೇ ಆಗ್ಲಿ, ಆರು ಬಂದ್ರೆ ಅದರಲ್ಲೊಂದು ಸುಲಭ. ಬರೀ ಗಂಜಿ, ನೀರು ಬಿಟ್ರೆ ಹೋಯ್ತು. ನಿನ್ನ ಆರೂ ಒಂದೇ ಸಮ ಹೊಲಸು. ಮೊದಲನೇ ವಾರಾನೇ ನೋಡಿದೀನಿ. ಇನ್ನು ನಿಮ್ಮ ಸರ್ ಅವತ್ತು ಹೇಳಿದ ಹೊಸ ಡಬ್ಬಿ. ಹೊಸ ಗಾಜು ಬಂದ್ರೂ ಮೊದಲು ಬರೋದು ಈ ತೊಟ್ಟಿಗೇ. ತೊಳೀದೆ ಒಂದೂ ಹೊರಗೆ ಹೋಗಲ್ಲ. ನಿಮ್ಮ ಸರ್‌ಗೆ ಅದು ಗೊತ್ತಿಲ್ಲ, ಪಾಪ.”

“ಹತ್ತು ದಿನದಿಂದ ಗೊತ್ತಿತ್ತಾ ನಿನಗೆ?”

“ಹೂಂ.”

“ಹೇಳ್ಬೇಕಿತ್ತಲ್ಲ ಅವರಿಗೆ!”

“ನಾನು ಹೇಳಿದ್ರೆ ನಿನ್ನ ಕೆಲಸ ಹೋಗುತ್ತೆ. ನೀನು ಹೇಳಿದ್ರೆ ಏನೋ ಒಂದಾಗುತ್ತೆ. ದಿನಾ ನೀನು ಬರ್ತಿದ್ದೆ. ಇವತ್ತು ಹೇಳ್ತಾಳೆ, ಇವತ್ತು ಹೇಳ್ತಾಳೆ ಅಂತ ನಾನೂ ಕಾಯ್ತಿದ್ದೆ. ಬೀಕರು ಎತ್ಕೊಂಡು ಹೋಗ್ತಿದ್ದೆ ನೀನು.”

ನಲ್ಲಿ ತೊಟ್ಟಿಕ್ಕುತ್ತಿತ್ತು. ಅವಳು ಅದನ್ನು ಬಿಗಿಯಾಗಿ ತಿರುಗಿಸಿ ನಿಲ್ಲಿಸಿ, ಬಲಗಡೆಯ ತೊಟ್ಟಿಗೆ ಬ್ರಷ್ ಹಾಕಿದಳು. ಬಿರಿದ ಬೆರಳಿಗೆ ಸೋಪು ತಾಗಿದಾಗ ಉಸಿರೆಳೆದುಕೊಂಡದ್ದು ಕೇಳಿಸಿತು.

ಹನ್ನೊಂದರವರೆಗೆ ಕಾಯಲಿಲ್ಲ. ಕೆಂಪುಗೆರೆ ಸರ್ ಕೋಣೆಗೆ ಹೋದಾಗ ಹತ್ತೂವರೆ. ಪ್ಲೇಟನ್ನು ಮೇಜಿನ ಮೇಲಿಟ್ಟೆ, ಪಕ್ಕದಲ್ಲಿ ನೋಟ್‌ಬುಕ್ಕನ್ನೂ ಇಟ್ಟೆ. ನೊರೆಯ ವಿಷಯ ಹೇಳಿದೆ. ಎರಡು ತೊಟ್ಟಿಗಳ ವಿಷಯ, ಅದನ್ನು ಕಂಡವರು ಯಾರು ಎಂಬುದನ್ನೂ ಹೇಳಿದೆ. ಅವರು ಪ್ಲೇಟನ್ನು ಎತ್ತಿ ನೋಡಿದರು. ಅವರ ಮುಖ ಸಡಿಲವಾಗತೊಡಗಿತು. ಅಲ್ಲಿಗೇ ನಿಲ್ಲಿಸಬಹುದಿತ್ತು.

“ಇನ್ನೊಂದಿದೆ ಸರ್. ಮೊದಲಿನ ಮೂರು ವಾರ ಬ್ಲ್ಯಾಂಕೇ ಇರಲಿಲ್ಲ. ಆರಕ್ಕೂ ಬ್ಯಾಕ್ಟೀರಿಯಾನೇ ಹಾಕಿದ್ದೆ. ಹೊಸ ಫ್ಲಾಸ್ಕ್ ಅಂದಿದ್ದು ಸುಳ್ಳು. ತೊಳೆಯೋ ಕೋಣೇದು ಏನೂ ತಪ್ಪಿಲ್ಲ.”

ನನ್ನ ಕಾಲು ಅಲ್ಲಾಡಬೇಕಿತ್ತು, ಅಲ್ಲಾಡಲಿಲ್ಲ. ಅವರು ಡ್ರಾಯರಿನಿಂದ ಸ್ಕೇಲು ತೆಗೆದರು. ನೋಟ್‌ಬುಕ್ಕು ತೆರೆದು ಒಂದೊಂದೇ ಪುಟಕ್ಕೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಎಳೆದರು. ಹದಿನೈದು ಪುಟ. ಪ್ರತಿ ಗೆರೆಯ ಕೊನೆಗೆ ಪೆನ್ನು ಸ್ವಲ್ಪ ಒತ್ತಿ ನಿಲ್ಲುತ್ತಿತ್ತು.

“ಇಷ್ಟೂ ರದ್ದು. ಇವತ್ತಿಂದ ಮತ್ತೆ ಶುರು ಮಾಡಿ.”

“ಸರಿ ಸರ್.”

“ನಿಮ್ಮ ಕಾಗದ ನನ್ನ ಹತ್ರಾನೇ ಇರ್ಲಿ. ತಿಂಗಳ ಕೊನೇಲಿ ನೋಡೋಣ. ಏನೂ ಹೇಳೋಕಾಗಲ್ಲ.” ಪ್ಲೇಟನ್ನು ನನ್ನ ಕಡೆ ತಳ್ಳಿದರು. “ತೊಳೆಯೋ ಕೋಣೆ ವಿಷಯ ಸಭೇಲಿ ಬರಲ್ಲ. ಅವರಿಗೆ ನಾನೇ ಹೋಗಿ ಹೇಳ್ತೀನಿ.”

ಅವರು ಹೋಗಿ ಏನು ಹೇಳಿದರೋ. ಕಾರಿಡಾರಿನಲ್ಲಿ ನಾಲ್ಕು ಸಲ ಆ ಕಡೆ ಈ ಕಡೆ ನಡೆದೆ. ಅವರು ಹೊರಗೆ ಬಂದಾಗ ಅವರ ಅಂಗಿಯ ಒಂದು ತೋಳು ಒದ್ದೆಯಾಗಿತ್ತು; ಒಂದು ಫ್ಲಾಸ್ಕನ್ನಾದರೂ ಜಾಲಿಸಿರಬೇಕು.

ಮಧ್ಯಾಹ್ನ ಶೇಕರಿಗೆ ಸಿಕ್ಕಿಸಲು ಐದು ಫ್ಲಾಸ್ಕು ತಯಾರು ಮಾಡಿಕೊಂಡೆ. ಅರ್ಧಕ್ಕಿಂತ ಕಡಿಮೆ ಗಂಜಿ, ನೊರೆಗೆ ಏಳಲು ಜಾಗ. ನೊರೆ ಹಿಡಿಯಲು ಬೇರೆಯೇ ಬಾಟಲಿ, ಈ ಸಲ ಕಸಕ್ಕಲ್ಲ. ಶೇಕರಣ್ಣ ಬಂದು ಇಣುಕಿದ.

“ಐದೇನಾ? ಒಂದು ಜಾಗ ಬಿಟ್ಟುಕೊಡ್ತೀಯೇನು ತಂಗಿ? ಕೇಳೋರು ಬಹಳ ಜನ ಇದಾರೆ.”

“ಇಲ್ಲಣ್ಣ. ಇನ್ನೊಂದು ಬರ್ತಿದೆ.”

ಚಿಕ್ಕಮ್ಮ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಆರನೆಯ ಫ್ಲಾಸ್ಕು. ಇಪ್ಪತ್ತೆರಡು ವರ್ಷದಲ್ಲಿ ಅವಳು ಗಾಜನ್ನು ಯಾರ ಮೇಜಿಗೂ ತಂದುಕೊಟ್ಟವಳಲ್ಲ. ಬೇಕಾದವರು ಬಂದು ತೆಗೆದುಕೊಂಡು ಹೋಗಬೇಕು. ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಫ್ಲಾಸ್ಕನ್ನು ಬೆಳಕಿಗೆ ಹಿಡಿದು ಕತ್ತಿನ ಹತ್ತಿರ ನೋಡಿ, ನನ್ನ ಮುಂದಿಟ್ಟಳು.

“ಮೂರೇ ಸಲ ಜಾಲಿಸಿದೀನಿ. ನಾಲ್ಕನೇದು ಬೇಕಿದ್ರೆ ನೀನೇ ಜಾಲಿಸ್ಕೋ,” ಎಂದಳು. ಎರಡು ಹೆಜ್ಜೆ ಹೋಗಿ ತಿರುಗಿದಳು. “ಆ ಹದಿನೇಳು ಬೀಕರು ಸಂಜೆಯೊಳಗೆ ವಾಪಸ್ ಬರಬೇಕು. ನೀನೇ ಹೊತ್ಕೊಂಡು ಬಾ.”